ನಮ್ಮ ಮನೆಯ ಕೌದಿ



ಈ ಸಲದ ಗೋಡೆ ಪತ್ರಿಕೆಗೆ ಅಕ್ಕೋರು "ಕಸದಿಂದ ರಸ" ಎಂಬ ವಿಷಯ ಕೊಟ್ಟಿದ್ದಾರೆ. ಮನೆಯಲ್ಲಿ ಬೇಡವಾದ ಸಾಮಾನಿನಿಂದ ಮನೆಮಂದಿ ಕೂಡಿ ಏನು ಮಾಡಬಹುದು ಅಂತ ಬರೆಯಬೇಕು. ನಾನು ಕೌದಿಯ ಬಗ್ಗೆ ಬರೆಯುತ್ತೇನೆ. ಕೌದಿ ಎಲ್ಲರ ಮನೆಯಲ್ಲೂ ಇದೆ, ಅದರಾಗ ಬರೆಯೋದೇನೈತಿ ಅಂತ ನೀವು ಅನ್ನಬಹುದು. ಆದರೆ ನಮ್ಮ ಮನೆಯ ಕೌದಿಯ ಬಟ್ಟೆಗೆ ಮೊದಲು ಕತ್ತರಿ ಹಾಕಿದವನು ನಾನು. ಅದೂ ಯಾರನ್ನೂ ಕೇಳದೆ. ಅದಕ್ಕೇ ಬರೆಯಬೇಕು ಅನ್ನಿಸಿತು.

ಹೋದ ವರ್ಷ ಆರನೇ ತರಗತಿಯಲ್ಲಿದ್ದಾಗ ಫೆಬ್ರುವರಿ ತಿಂಗಳಲ್ಲಿ ಅಕ್ಕೋರು ನಮಗೊಂದು ಕೆಲಸ ಕೊಟ್ಟಿದ್ದರು. ಶನಿವಾರ ಬರುವಾಗ ಎಲ್ಲರೂ ಒಂದೊಂದು ವಸ್ತು ಮಾಡಿಕೊಂಡು ಬರಬೇಕು, ಅಂಗಡಿಯಿಂದ ಒಂದು ರೂಪಾಯಿಯದೂ ತರಬಾರದು, ಮನೆಯಲ್ಲಿ ಬಿಸಾಡುವ ಸಾಮಾನಿನಿಂದಲೇ ಮಾಡಬೇಕು. ಆ ಶನಿವಾರ ನಿಮಗೆಲ್ಲ ನೆನಪಿರಬೇಕು. ಒಬ್ಬ ತೆಂಗಿನ ಚಿಪ್ಪಿಗೆ ಬಿದಿರಿನ ಕಡ್ಡಿ ಸಿಗಿಸಿ ಸವುಟು ಮಾಡಿಕೊಂಡು ಬಂದಿದ್ದ. ಒಬ್ಬಳು ಹರಿದ ಸೀರೆಯನ್ನು ಜಡೆ ಹಾಗೆ ಹೆಣೆದು, ಸುತ್ತಿ, ಕಾಲೊರೆಸುವ ಮ್ಯಾಟ್ ಮಾಡಿದ್ದಳು. ಹಳೇ ಲಗ್ನಪತ್ರಿಕೆಯ ಹೂವು, ಸಿಮೆಂಟ್ ಚೀಲದ ಎಳೆಯ ಹಗ್ಗ, ಸೈಕಲ್ ಟೈರಿನ ಆಟಿಗೆ ಎಲ್ಲಾ ಬಂದಿದ್ದವು.

ಎಲ್ಲಕ್ಕಿಂತ ಗಟ್ಟಿ ವಸ್ತು ಎಂದರೆ ಕೊನೆಯ ಬೆಂಚಿನ ಹುಡುಗಿ ತಂದ ಕಾಗದದ ಬುಟ್ಟಿ. ರದ್ದಿ ಪೇಪರನ್ನು ಚೂರು ಮಾಡಿ ಮೂರು ದಿನ ನೀರಿನಲ್ಲಿ ನೆನೆಹಾಕಿ, ನೆನೆದ ಮೆಂತ್ಯದ ಜೊತೆ ಒಳಕಲ್ಲಿನಲ್ಲಿ ಅರೆದು, ಬೋರಲು ಹಾಕಿದ ಬುಟ್ಟಿಯ ಮೇಲೆ ಹಿಟ್ಟಿನ ಹಾಗೆ ಮೆತ್ತಿ, ಬಿಸಿಲಲ್ಲಿ ಒಣಗಿಸಿದ್ದು. ಮೆಂತ್ಯದ ಲೋಳೆಯೇ ಅದಕ್ಕೆ ಅಂಟು. ಅದರಲ್ಲಿ ಕಾಳು ಹಾಕಿಟ್ಟರೆ ಹುಳ ಹತ್ತುವುದು ಕಡಿಮೆ ಅಂತ ಅವರ ಮನೆಯಲ್ಲಿ ಹೇಳಿದ್ದರಂತೆ. ಬುಟ್ಟಿಯನ್ನು ನೆಲಕ್ಕೆ ಬೀಳಿಸಿ ತೋರಿಸಿದಳು, ಒಡೆಯಲಿಲ್ಲ.

ನಾನು ಮಾಡಿದ್ದು ಬಾಗಿಲಿಗೆ ಕಟ್ಟುವ ತೋರಣ. ಶುಕ್ರವಾರ ಸಂಜೆಯ ತನಕ ಏನೂ ಮಾಡಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಅಟ್ಟ ಹತ್ತಿದೆ. ಅಲ್ಲಿ ಒಂದು ದೊಡ್ಡ ಗಂಟು ಇತ್ತು. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಹಳೇ ಬಟ್ಟೆ ಕಟ್ಟಿಟ್ಟ ಗಂಟು. ಮೇಲೆ ಮೇಲೆ ಬರೀ ಮಾಸಿದ ಧೋತರ, ಬಣ್ಣ ಹೋದ ಲಂಗ. ತಳದಲ್ಲಿ ಮಾತ್ರ ಒಂದು ಹಸಿರು ಇಳಕಲ್ಲ ಸೀರೆ ಇತ್ತು. ಮೈಯೆಲ್ಲ ಅಲ್ಲಲ್ಲಿ ಸವೆದು ಹೋಗಿತ್ತು. ಆದರೆ ಅದರ ಸೆರಗು ಇನ್ನೂ ಕೆಂಪಗೆ ಇತ್ತು. ಇಳಕಲ್ಲ ಸೀರೆಯ ಸೆರಗನ್ನು ನೀವು ನೋಡಿದ್ದೀರಿ, ಕೆಂಪಿನ ಮೇಲೆ ಬಿಳಿ ತೆನಿ ಇರುತ್ತವೆ. ನಮ್ಮ ಕಡೆ ಅದಕ್ಕೆ ಟೋಪ ತೆನಿ ಅನ್ನುತ್ತಾರೆ. ತೋರಣಕ್ಕೆ ಇದಕ್ಕಿಂತ ಚಲೋ ಬಟ್ಟೆ ಸಿಗೋದಿಲ್ಲ ಅನ್ನಿಸಿತು. ಕತ್ತರಿ ತಂದು ಚೌಕ ಚೌಕ ಕತ್ತರಿಸಿ, ಮತ್ತೆ ಮೂಲೆಯಿಂದ ಮೂಲೆಗೆ ಕತ್ತರಿಸಿದೆ. 22 ತ್ರಿಕೋನ ಆದವು. ಒಂದು ಎಳೆ ಬಿಚ್ಚಿ ಹಾಳಾಯಿತು. ಉಳಿದ 21ನ್ನು ಸಿಮೆಂಟ್ ಚೀಲದ ದಾರಕ್ಕೆ ಪೋಣಿಸಿದೆ. ಸೀರೆಯನ್ನು ಮೊದಲಿನ ಹಾಗೇ ಮಡಚಿ ಗಂಟಿನ ತಳಕ್ಕೆ ತುರುಕಿದೆ. ತುರುಕುವಾಗ ನನ್ನ ಎದೆ ಸ್ವಲ್ಪ ಹೊಡೆದುಕೊಂಡಿತು. ಹಳೇದು ತಾನೇ ಅಂದುಕೊಂಡೆ.

ಶನಿವಾರ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕೋರು ತೋರಣವನ್ನು ನಮ್ಮ ತರಗತಿಯ ಬಾಗಿಲಿಗೇ ಕಟ್ಟಿಸಿದರು. ನಾನು ಒಂದು ವಾರ ಆ ಬಾಗಿಲಲ್ಲಿ ದೊಡ್ಡ ಮನುಷ್ಯನ ಹಾಗೆ ಓಡಾಡಿದೆ.

ಮುಂದಿನ ವಾರ ಪಾಲಕರ ಸಭೆ ಇತ್ತು. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗಿದ್ದರಿಂದ ಆಯಿ ಬಂದಳು. ಬಾಗಿಲ ಹತ್ತಿರ ಬಂದವಳು ಅಲ್ಲೇ ನಿಂತಳು. ಕೈ ಮೇಲೆತ್ತಿ ಒಂದು ತ್ರಿಕೋನ ಹಿಡಿದಳು. ಹೆಬ್ಬೆಟ್ಟಿನಿಂದ ಅದನ್ನು ಉಜ್ಜಿ ನೋಡಿದಳು. ನಾನು ಖುಷಿಯಿಂದ, "ಆಯಿ, ಅದನ್ನ ನಾನ ಮಾಡೇನಿ" ಅಂದೆ.

"ಅರಬಿ ಎಲ್ಲಿಂದ ತಂದಿ?"

"ಅಟ್ಟದ ಮ್ಯಾಲಿನ ಗಂಟಿನ್ಯಾಗಿಂದ."

"ಹೂಂ" ಅಂದಳು. ಅಷ್ಟೇ. ಒಳಗೆ ಬಂದು ಕೂತಳು. ಅಕ್ಕೋರು ನನ್ನ ಅಂಕ ಓದಿದರು, ಗಣಿತದಲ್ಲಿ ಕಡಿಮೆ ಅಂದರು. ಆಯಿ ಎಲ್ಲದಕ್ಕೂ ಹೂಂ ಅಂದಳು. ಮನೆಗೆ ಹೋಗುವ ದಾರಿಯಲ್ಲೂ ಬೈಯಲಿಲ್ಲ. ಹೊಡೆದಿದ್ದರೆ ಚಲೋ ಇತ್ತು ಅಂತ ನನಗೆ ಆಮೇಲೆ ಅನ್ನಿಸಿತು. ಆ ರಾತ್ರಿ ಆಯಿ ರೊಟ್ಟಿ ಮುರಿಯಲಿಲ್ಲ. ಹೊಟ್ಟೆ ತುಂಬೇತಿ ಅಂದಳು.

ಮಲಗುವಾಗ ಅವ್ವ ನನ್ನ ಹತ್ತಿರ ಕೂತು ಸಣ್ಣ ದನಿಯಲ್ಲಿ ಹೇಳಿದಳು. "ಅದು ನಿಮ್ಮ ಅತ್ತಿ ಸೀರಿ."

ನನಗೆ ಒಬ್ಬಳೇ ಅತ್ತಿ, ಅವಳು ಹಾವೇರಿ ಕಡೆ ಇದ್ದಾಳೆ ಅಂತ ಗೊತ್ತಿತ್ತು. ಆಕಿ ಅಲ್ಲ, ಆಕಿಗಿಂತ ದೊಡ್ಡಾಕಿ ಒಬ್ಬಾಕಿ ಇದ್ಲು ಅಂದಳು ಅವ್ವ. ಅಪ್ಪನಿಗೆ ಅಕ್ಕ. ನಾನು ಹುಟ್ಟುವ ಎಂಟು ವರ್ಷ ಮೊದಲೇ ಜ್ವರ ಬಂದು ತೀರಿಕೊಂಡಳಂತೆ. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಮೆಣಸಿನಕಾಯಿ ಬಿಡಿಸಿದ ಕೂಲಿ ಕೂಡಿಟ್ಟು ಆ ಸೀರೆಯನ್ನು ತಾನೇ ಕೊಂಡಿದ್ದಳಂತೆ. ಎರಡು ಯುಗಾದಿಗೆ ಉಟ್ಟಿದ್ದಳಂತೆ. ಆಮೇಲೆ ಆಯಿ ಅದನ್ನು ತಾನೇ ಉಟ್ಟು ಉಟ್ಟು ಸವೆಸಿದಳು. ಇನ್ನು ಉಟ್ಟರೆ ಹರಿದೇ ಹೋಗುತ್ತದೆ ಅಂದಾಗ ಗಂಟಿನಲ್ಲಿ ಇಟ್ಟಳು. ಅತ್ತಿಯ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ. ತೆಗೆಸಿಯೇ ಇರಲಿಲ್ಲ. ಅವಳ ಹೆಸರು ಪತ್ರಿಕೆಯಲ್ಲಿ ಬರೆಯಬೇಡ ಅಂತ ಆಯಿ ಹೇಳಿದ್ದಾಳೆ, ಅದಕ್ಕೆ ಬರೆದಿಲ್ಲ.

ಮರುದಿನ ನಾನು ಅಕ್ಕೋರ ಹತ್ತಿರ ಹೋಗಿ ತೋರಣ ವಾಪಸ್ ಕೊಡ್ರಿ ಅಂದೆ. ಯಾಕೆ ಅಂತ ಕೇಳಿದರು. ಹೇಳುವಾಗ ನನಗೆ ಅಳು ಬಂತು. ಅಕ್ಕೋರು ಏನೂ ಅನ್ನದೆ ಕುರ್ಚಿ ಹತ್ತಿ ತಾವೇ ಬಿಚ್ಚಿಕೊಟ್ಟರು. ತೋರಣ ಎಲ್ಲಿ ಹೋಯಿತು ಅಂತ ನೀವೆಲ್ಲ ಕೇಳಿದಾಗ ಗಾಳಿಗೆ ಹಾರಿತು ಅಂತ ಸುಳ್ಳು ಹೇಳಿದ್ದೆ. ಕ್ಷಮಿಸಿ.

ಮನೆಗೆ ತಂದು ಆಯಿಯ ಮುಂದೆ ಇಟ್ಟೆ. ತಪ್ಪಾಯಿತು ಅಂದೆ. ಆಯಿ 21 ತ್ರಿಕೋನಗಳನ್ನೂ ದಾರದಿಂದ ಬಿಡಿಸಿ ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟಳು. ಆಮೇಲೆ ಹೇಳಿದಳು, "ಐದು ವರ್ಷ ಆತು, ಕೌದಿ ಹೊಲೀಬೇಕು ಅಂತ ಗಂಟು ಕಟ್ಟೇನಿ. ಗಂಟು ಬಿಚ್ಚಿದಾಗೆಲ್ಲಾ ಈ ಸೀರಿ ಕೈಗೆ ಬರ್ತಿತ್ತು. ಕತ್ತರಿ ಹಾಕಾಕ ಆಗ್ತಿದ್ದಿಲ್ಲ. ಮತ್ತ ಗಂಟು ಕಟ್ಟಿ ಇಡ್ತಿದ್ದೆ. ನೀ ಹಾಕಿಬಿಟ್ಟಿ. ಹರಿದದ್ದು ಹರೀತು, ಇನ್ನ ಹೊಲಿಯೂಣು. ನೀನೂ ಹೊಲೀಬೇಕು."

ಹೀಗೆ ಬೇಸಿಗೆ ಸೂಟಿಯಲ್ಲಿ ನಮ್ಮ ಮನೆಯ ಕೌದಿ ಶುರುವಾಯಿತು. ಮೊದಲು ಕೌದಿ ಹೊಲಿಯುವ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಊರೂರು ತಿರುಗುತ್ತ ಬರುತ್ತಿದ್ದರಂತೆ. ಮನೆಯವರು ಬಟ್ಟೆ ಕೊಟ್ಟರೆ ಅವರು ಕಟ್ಟೆಯ ಮೇಲೆ ಕೂತು ಹೊಲಿದುಕೊಟ್ಟು, ರೊಕ್ಕ ಮತ್ತು ಕಾಳು ತೆಗೆದುಕೊಂಡು ಹೋಗುತ್ತಿದ್ದರು. ಈಗ ನಮ್ಮೂರಿಗೆ ಅವರು ಬರುವುದಿಲ್ಲ. ಅಂಗಡಿಯಲ್ಲಿ ಚಾದರ ಸಿಗುತ್ತದೆ.

ಕೌದಿ ಹೊಲಿಯುವುದು ಹೇಗೆ ಅಂತ ಕ್ರಮವಾಗಿ ಹೇಳುತ್ತೇನೆ. ಮೊದಲು ಹಳೇ ಬಟ್ಟೆಗಳನ್ನು ಒಗೆದು ಒಣಗಿಸಬೇಕು. ಗುಂಡಿ, ಹುಕ್ಕು ಕಿತ್ತು ಬೇರೆ ಇಡಬೇಕು. ಹತ್ತಿ ಬಟ್ಟೆ ಒಂದು ಕಡೆ, ಪಾಲಿಸ್ಟರ್ ಒಂದು ಕಡೆ. ಕೌದಿಗೆ ಹತ್ತಿಯದೇ ಆಗಬೇಕು. ಪಾಲಿಸ್ಟರ್ ಜಾರುತ್ತದೆ, ಬೆವರು ಹೀರುವುದಿಲ್ಲ.

ಆಮೇಲೆ ಅಳತೆ. ಆಯಿಯ ಸೀರೆ ಒಂಬತ್ತು ವಾರ, ಅಂದರೆ 18 ಮೊಳ. ಒಬ್ಬರು ಹೊದೆಯುವ ಕೌದಿಗೆ ನಾಲ್ಕು ಮೊಳ ಉದ್ದ ಸಾಕು. 18ನ್ನು 4ರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 2. ಹಾಗಾಗಿ ಆಯಿಯ ಒಂದು ಹಳೇ ಸೀರೆಯಲ್ಲಿ ನಾಲ್ಕು ಪದರ ಬಂದವು. ಉಳಿದ ಎರಡು ಮೊಳದಲ್ಲಿ ಅವ್ವ ನೀರಿನ ಕೊಡಕ್ಕೆ ಸಿಂಬಿ ಮಾಡಿಕೊಂಡಳು. ಒಂದು ಪದರ ಕೆಳಗೆ ಹಾಸಿ, ನೀರು ಚಿಮುಕಿಸಿ, ಸುಕ್ಕು ಇಲ್ಲದ ಹಾಗೆ ನಾಲ್ಕು ಕಡೆ ಕಲ್ಲು ಇಟ್ಟೆವು. ಅದರ ಮೇಲೆ ಉಳಿದ ಪದರ, ಅದರ ಮೇಲೆ ಮುತ್ಯಾನ ಎರಡು ಧೋತರ. ದೂರ ದೂರ ಟಾಕಿ ಹಾಕಿ ಎಲ್ಲವನ್ನೂ ಹಿಡಿಸಿದೆವು. ಟಾಕಿ ಹಾಕದಿದ್ದರೆ ಒಳಗಿನ ಪದರ ಸರಿದು ಮುದ್ದೆ ಆಗುತ್ತದೆ.

ಮೇಲಿನ ಪದರಕ್ಕೆ ತುಂಡುಗಳು. ಅಂಚು ಒಳಗೆ ಮಡಚಿ ಒಂದೊಂದೇ ಇಡುತ್ತ ಹೋಗಬೇಕು. ಹೊಲಿಗೆಯನ್ನು ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತ ನಡುವಿಗೆ ಬರಬೇಕು. ಸಾಲಿಗೂ ಸಾಲಿಗೂ ಒಂದು ಬೆರಳು ಅಂತರ. ದಪ್ಪ ಸೂಜಿ, ದಪ್ಪ ಹತ್ತಿ ದಾರ. ದಾರಕ್ಕೆ ಮಾತ್ರ ನಾವು ರೊಕ್ಕ ಕೊಟ್ಟೆವು. ಸೂಜಿಯ ಹಿಂಭಾಗ ಚುಚ್ಚಬಾರದು ಅಂತ ಆಯಿ ನನ್ನ ನಡುಬೆರಳಿಗೆ ಚಿಂದಿ ಸುತ್ತಿದಳು. ಆದರೂ ಮೊದಲ ದಿನ ನಾಲ್ಕು ಸಲ ಚುಚ್ಚಿಕೊಂಡೆ.

ನಾನು ಕಟ್ಟೆಯ ಮೇಲೆ ಕೂತು ಹೊಲಿಯುವಾಗ ನಿಮ್ಮಲ್ಲಿ ಕೆಲವರು ಕ್ರಿಕೆಟ್ ಬ್ಯಾಟ್ ಹಿಡಿದು ಹೋಗುತ್ತ, "ಏ, ಹೆಣ್ಣುಹುಡುಗ್ರ ಕೆಲಸ ಮಾಡಾಕತ್ತಾನ" ಅಂತ ನಕ್ಕಿದ್ದೀರಿ. ಯಾರು ಅಂತ ಬರೆಯುವುದಿಲ್ಲ. ಎರಡು ದಿನ ನಾನು ಒಳಗೆ ಹೋಗಿ ಕೂತೆ. ಒಳಗೆ ಬೆಳಕು ಸಾಲುತ್ತಿರಲಿಲ್ಲ, ಮತ್ತೆ ಹೊರಗೆ ಬಂದೆ. ಪೇಟೆಯಲ್ಲಿ ಅಂಗಿ ಚೊಣ್ಣ ಹೊಲಿಯುವ ಟೇಲರುಗಳೆಲ್ಲ ಗಂಡಸರೇ ಅಲ್ಲವೇ?

ಒಂದೊಂದು ತುಂಡು ಕೈಗೆ ಬಂದಾಗಲೂ ಆಯಿ ಅದು ಯಾರದು ಅಂತ ಹೇಳುತ್ತಿದ್ದಳು. ನೀಲಿ ಗೆರೆಯದು ಅಪ್ಪ ಹತ್ತನೇ ತರಗತಿಗೆ ಹೋದಾಗಿನ ಅಂಗಿ. ಹಳದಿ ಹೂವಿನದು ಅವ್ವ ಈ ಮನೆಗೆ ಬಂದಾಗ ತೊಟ್ಟಿದ್ದ ಜಂಪರು. ಗುಳೇದಗುಡ್ಡದ ಖಣದ ಒಂದು ಚೂರು ಆಯಿಯ ಅವ್ವನದು, ಅದಕ್ಕೆ ಎಷ್ಟು ವರ್ಷ ಆಗಿದೆಯೋ ಆಯಿಗೇ ಲೆಕ್ಕವಿಲ್ಲ. ಬಿಳಿ ಚೌಕ ನಾನು ಒಂದನೇ ತರಗತಿಯಲ್ಲಿ ಹಾಕಿದ್ದ ಶಾಲೆಯ ಅಂಗಿ, ಅದರ ಮೇಲಿನ ಮಸಿ ಕಲೆ ಇನ್ನೂ ಹೋಗಿಲ್ಲ. ಅತ್ತಿಯ ಹಸಿರು ಸೀರೆಯ ಗಟ್ಟಿ ಇದ್ದ ಭಾಗವನ್ನು ಆಯಿ ಪಟ್ಟಿ ಪಟ್ಟಿ ಮಾಡಿ ಸುತ್ತಲೂ ದಡಿಯ ಹಾಗೆ ಇಟ್ಟಳು. ಅದನ್ನು ಅವಳೇ ಕತ್ತರಿಸಿದಳು. ಕತ್ತರಿಸುತ್ತ ಅತ್ತಿಯ ಸುದ್ದಿ ಹೇಳಿದಳು. ಅತ್ತಿ ಬಹಳ ನಗುತ್ತಿದ್ದಳಂತೆ. ಮೆಣಸಿನಕಾಯಿ ಬಿಡಿಸಿದ ಕೈಯಿಂದ ಕಣ್ಣು ಒರೆಸಿಕೊಂಡು ಕುಣಿದಾಡಿದ್ದಳಂತೆ. ಅದನ್ನು ಹೇಳಿ ಆಯಿ ನಕ್ಕಳು. ನಮ್ಮ ಮನೆಯಲ್ಲಿ ಅತ್ತಿಯ ಹೆಸರು ಹೇಳಿ ನಕ್ಕದ್ದನ್ನು ತಾನು ನೋಡಿದ್ದು ಅದೇ ಮೊದಲು ಅಂತ ಅವ್ವ ಆಮೇಲೆ ಹೇಳಿದಳು.

ಅಪ್ಪ ಮಾತ್ರ ಹತ್ತಿರ ಬರುತ್ತಿರಲಿಲ್ಲ. ದೂರ ಕೂತು ನೋಡುತ್ತಿದ್ದ. ಒಂದು ದಿನ ರಾತ್ರಿ ಊಟ ಆದ ಮೇಲೆ ಬಂದು, "ಕೊಡಿಲ್ಲೆ" ಅಂತ ನನ್ನ ಕೈಯಿಂದ ಸೂಜಿ ತೆಗೆದುಕೊಂಡು ಹಸಿರು ಪಟ್ಟಿಯ ಮೇಲೆ ಒಂದು ಸಾಲು ಹೊಲಿದ. ಆ ಸಾಲು ಹಾವು ಹೋದ ಹಾಗೆ ಸೊಟ್ಟ ಇದೆ. ನಾನು ಸೊಟ್ಟ ಹೊಲಿದರೆ ಆಯಿ ಬಿಚ್ಚಿಸುತ್ತಿದ್ದಳು. ಅಪ್ಪನ ಸಾಲನ್ನು ಬಿಚ್ಚಲಿಲ್ಲ.

ನನ್ನ 21 ತ್ರಿಕೋನಗಳು ಏನಾದವು ಅಂತ ಕೇಳುತ್ತೀರಿ. ನಾಲ್ಕು ತ್ರಿಕೋನಗಳ ತುದಿಗಳನ್ನು ಒಂದೇ ಕಡೆ ಕೂಡಿಸಿದರೆ ಒಂದು ಚೌಕ ಆಗುತ್ತದೆ. 16 ತ್ರಿಕೋನಗಳಿಂದ ನಾಲ್ಕು ಕೆಂಪು ಚೌಕ ಮಾಡಿ ಕೌದಿಯ ನಡುವೆ ಇಟ್ಟೆವು. ಐದು ಉಳಿದವು. ಆಗ ನನಗೆ ಅಕ್ಕೋರು ಹೇಳಿದ ಮಾತು ನೆನಪಾಯಿತು. ಅಕ್ಕೋರು ಹಳಿಯಾಳದ ಕಡೆಯವರು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಜನರಿದ್ದಾರೆ. ಅವರ ಹಿರಿಯರು ಬಹಳ ಹಿಂದೆ ಆಫ್ರಿಕಾದಿಂದ ಬಂದವರು. ಸಿದ್ದಿ ಹೆಣ್ಣುಮಕ್ಕಳೂ ಹಳೇ ಬಟ್ಟೆಯಿಂದ ಹೀಗೇ ಹೊಲಿಯುತ್ತಾರೆ, ಅದಕ್ಕೆ ಕವಂದಿ ಅನ್ನುತ್ತಾರೆ. ಅವರು ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಹೂವಿನ ಹಾಗೆ ಇಡುತ್ತಾರಂತೆ. ಆ ಹೂವು ಇಲ್ಲದಿದ್ದರೆ ಕವಂದಿ ಬತ್ತಲೆ ಇದ್ದ ಹಾಗೆ ಅಂತ ಅವರ ಮಾತು. ಇದನ್ನು ಹೇಳಿದಾಗ ಆಯಿಗೆ ಖುಷಿ ಆಯಿತು. ನಾಲ್ಕು ತ್ರಿಕೋನ ಮಡಚಿ ನಮ್ಮ ಕೌದಿಯ ನಾಲ್ಕು ಮೂಲೆಗೂ ಇಟ್ಟಳು. ಒಂದು ಉಳಿಯಿತು.

ಕೊನೆಯ ದಿನ ನಡುವೆ ಒಂದು ಗೇಣು ಜಾಗ ಮಾತ್ರ ಉಳಿದಿತ್ತು. ಕೌದಿಯ ಬಾಯಿ ಮುಚ್ಚುವ ಮೊದಲು ಅದಕ್ಕೆ ಉಣ್ಣಲು ಹಾಕಬೇಕು ಅಂತ ಆಯಿ ಐದು ಜೋಳದ ಕಾಳು ತಂದು ಒಳಗೆ ಇಟ್ಟಳು. ಹಸಿದ ಕೌದಿ ಬೆಚ್ಚಗೆ ಇಡಂಗಿಲ್ಲ ಅಂದಳು. ಹುಳ ಬಂದು ತಿಂದರೆ ಅಂತ ನಾನು ಕೇಳಿದೆ. "ಐದು ಕಾಳು ತಿಂದ್ರ ತಿನ್ನಲಿ ಬಿಡು" ಅಂದಳು. ಶುರು ಮಾಡಿದ 22ನೇ ದಿನಕ್ಕೆ ಕೌದಿ ಮುಗಿಯಿತು.

ಶಾಲೆ ಶುರುವಾದ ಮೇಲೆ ನಾನು ಗಣಿತದ ಸರ್ ಹತ್ತಿರ ಒಂದು ಲೆಕ್ಕ ಕೇಳಿದೆ. ಕೌದಿ 180 ಸೆಂಟಿಮೀಟರ್ ಉದ್ದ, 115 ಸೆಂಟಿಮೀಟರ್ ಅಗಲ. ಸಾಲಿನ ಅಂತರ 2 ಸೆಂಟಿಮೀಟರ್. ಹಾಗಾದರೆ ಹೊಲಿಗೆ ಎಷ್ಟು ಉದ್ದ? ಸರ್ ನನ್ನ ಕೈಯಿಂದಲೇ ಮಾಡಿಸಿದರು. ಉದ್ದವನ್ನು ಅಗಲದಿಂದ ಗುಣಿಸಿ 2ರಿಂದ ಭಾಗಿಸಿದರೆ 10,350 ಸೆಂಟಿಮೀಟರ್. ಅಂದರೆ ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು! ಸೆಂಟಿಮೀಟರಿಗೆ ಒಂದು ಹೊಲಿಗೆ ಅಂದರೂ ಹತ್ತು ಸಾವಿರ ಹೊಲಿಗೆ. ಆಯಿ ಶಾಲೆಗೇ ಹೋದವಳಲ್ಲ. ಈ ಲೆಕ್ಕ ಹೇಳಿದಾಗ, "ಅಷ್ಟು ಅಂತ ಮೊದಲ ಗೊತ್ತಿದ್ರ ಯಾರು ಕೌದಿ ಹೊಲೀತಿದ್ರು?" ಅಂದಳು.

ಈ ವರ್ಷ ವಿಜ್ಞಾನದಲ್ಲಿ ಉಷ್ಣದ ಪಾಠ ಬಂದಾಗ ಒಂದು ದಪ್ಪ ಬಟ್ಟೆಗಿಂತ ಹಲವು ತೆಳು ಬಟ್ಟೆ ಏಕೆ ಬೆಚ್ಚಗೆ ಅಂತ ಕೇಳಿದರು. ನಾನು ಮೊದಲು ಕೈ ಎತ್ತಿದೆ. ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಗಾಳಿಯಲ್ಲಿ ಉಷ್ಣ ಸುಲಭವಾಗಿ ಹಾಯುವುದಿಲ್ಲ, ಆದ್ದರಿಂದ ನಮ್ಮ ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ನಮ್ಮ ಕೌದಿ ನೆನೆಸಿಕೊಂಡು ಉತ್ತರ ಹೇಳಿದೆ.

ಮಹಾನವಮಿಯ ಮೊದಲು ಮನೆಯ ಹಾಸಿಗೆ ಹೊದಿಕೆ ಎಲ್ಲ ಹಳ್ಳಕ್ಕೆ ಒಯ್ದು ಒಗೆಯುತ್ತೇವಲ್ಲ, ಆಗ ಈ ಕೌದಿಯನ್ನೂ ಒಯ್ದೆವು. ನೀರು ಕುಡಿದು ಎಷ್ಟು ಭಾರ ಆಗಿತ್ತೆಂದರೆ ನಾನೂ ಅಪ್ಪನೂ ಎರಡು ಕಡೆ ಹಿಡಿದು ಹಿಂಡಬೇಕಾಯಿತು. ಬಂಡೆಯ ಮೇಲೆ ಒಣಹಾಕಿದಾಗ ಒಗೆಯಲು ಬಂದ ಹೆಣ್ಣುಮಕ್ಕಳೆಲ್ಲ ಬಂದು ನೋಡಿದರು. ಒಬ್ಬ ಮುದುಕಿ ಹಸಿರು ಪಟ್ಟಿ ಮುಟ್ಟಿ, ಅತ್ತಿಯ ಹೆಸರು ಹೇಳಿ, "ಆಕಿದಲ್ಲೇನ ಇದು?" ಅಂತ ಆಯಿಯನ್ನು ಕೇಳಿದಳು. ಆಯಿ ಹೌದು ಅಂದಳು.

ಈಗ ಚಳಿ ಬಿದ್ದಿದೆ. ಕೌದಿಯನ್ನು ಆಯಿಯೇ ಹೊದೆಯುತ್ತಾಳೆ. ಅಪ್ಪನ ಸೊಟ್ಟ ಸಾಲು ಮುಖದ ಕಡೆ ಬರುವ ಹಾಗೆ ಹೊದೆಯುತ್ತಾಳೆ.

ಗೆಳೆಯರೇ, ಕಸದಿಂದ ರಸ ಮಾಡುವುದು ಒಳ್ಳೆಯದು. ಕಾಗದದ ಬುಟ್ಟಿ ಮಾಡಿರಿ, ಚಿಪ್ಪಿನ ಸವುಟು ಮಾಡಿರಿ, ಕೌದಿಯನ್ನೂ ಹೊಲಿಯಿರಿ. ದೊಡ್ಡದು ಆಗದಿದ್ದರೆ ಕೂಸಿನ ಕೌದಿ ಹೊಲಿಯಿರಿ, ಅದಕ್ಕೆ ಎರಡು ಧೋತರದ ತುಂಡು ಸಾಕು, ನಾಲ್ಕು ದಿನದಲ್ಲಿ ಮುಗಿಯುತ್ತದೆ. ಆದರೆ ಗಂಟು ಬಿಚ್ಚುವ ಮೊದಲು ಮನೆಯಲ್ಲಿ ಹಿರಿಯರನ್ನು ಕೇಳಿರಿ. ಇದು ಯಾರದು ಅಂತ ಕೇಳಿದರೆ ಅವರು ಹೇಳುತ್ತಾರೆ. ಕೇಳದೆ ಕತ್ತರಿ ಹಾಕಬೇಡಿರಿ.

ಇದನ್ನು ಬರೆದು ಆಯಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಸುಮ್ಮನೆ ಕೂತಳು. ಆಮೇಲೆ ತನ್ನ ಎಲಿ ಅಡಿಕಿ ಚೀಲದಿಂದ ಉಳಿದ ಒಂದು ತ್ರಿಕೋನ ತೆಗೆದು ಕೊಟ್ಟು, "ನಿಮ್ಮ ಸಾಲಿ ಗ್ವಾಡಿಗೆ ಹಚ್ಚು, ಎಲ್ಲಾರೂ ನೋಡ್ಲಿ" ಅಂದಳು. ಈ ಹಾಳೆಯ ಪಕ್ಕದಲ್ಲಿ ಅಂಟಿಸಿರುವ ಕೆಂಪು ಬಟ್ಟೆ ಅದೇ. ಮುಟ್ಟಿ ನೋಡಿರಿ, ದಯವಿಟ್ಟು ಕೀಳಬೇಡಿರಿ. ಪತ್ರಿಕೆ ಬದಲಾಯಿಸುವ ದಿನ ನಾನು ಅದನ್ನು ಮನೆಗೆ ಒಯ್ಯಬೇಕು.

ಏಳನೇ ತರಗತಿಯ ಒಬ್ಬ ವಿದ್ಯಾರ್ಥಿ